ಬಸಣ್ಣನ ಸೂಜಿ ಪುರಾಣ

ಬೆಳಿಗ್ಗೆ ಉಣಕಲ್ ಕೆರೆ ಸುತ್ತಿ ಬಂದು ನಾವು ನಾಲ್ವರು ಚಾದಂಗಡಿಯಲ್ಲಿ ಕೂಡುತ್ತೇವೆ. ಅಲ್ಲಿ ರಾಜಕೀಯಕ್ಕಿಂತ ಮೊದಲು ಬರುವ ವಿಷಯ ಹೊಟ್ಟೆ. "ಆತೇನು?" ಅಂತ ಯಾರಾದರೂ ಕೇಳಿದರೆ ಅದು ಚಾದ ಬಗ್ಗೆ ಅಲ್ಲ.

ಬಸಣ್ಣನಿಗೆ ಆಗಿರಲಿಲ್ಲ. ಮೂರು ದಿನದಿಂದ.

"ನಾಳೆಯಿಂದ ಆಕ್ಯುಪಂಕ್ಚರ್‌ಗೆ, ಅದೇ ಮೈಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆಗೆ ಹೋಗುತ್ತೇನೆ. ಬೀಗರು ಹೇಳಿದ್ದಾರೆ" ಎಂದ.

"ಪಂಕ್ಚರ್ ಮಾಡಿದರೆ ಗಾಳಿ ಹೋಗುತ್ತದೆ ತಮ್ಮಾ. ಉಳಿದದ್ದಕ್ಕೆ ಏನು ಮಾಡ್ತೀ?" ಎಂದರು ಕಾಕಾ.

ಮಾಸ್ತರು ನಗಲಿಲ್ಲ. ವಿಜ್ಞಾನ ಕಲಿಸಿ ನಿವೃತ್ತರಾದವರು, ನಾವು ನಗುವಾಗೆಲ್ಲ ಅವರು ಲೆಕ್ಕ ಹಾಕುತ್ತಿರುತ್ತಾರೆ. "ಸುಮ್ನೆ ಅಣಕಿಸಬೇಡಿರಿ. ಚೀನಾದ 15 ಆಸ್ಪತ್ರೆಗಳಲ್ಲಿ 1,075 ಮಂದಿಯ ಮೇಲೆ ಪರೀಕ್ಷೆ ಮಾಡಿದ್ದಾರೆ. 2016ರಲ್ಲಿ ಫಲ ಬಂತು. ಎಲ್ಲರೂ ಬಸಣ್ಣನಂಥ ಹಳೇ ಗಿರಾಕಿಗಳೇ. 8 ವಾರದಲ್ಲಿ 28 ಸಲ ಸೂಜಿ."

"ಎಲ್ಲಿ ಚುಚ್ಚುತ್ತಾರೆ?" ಬಸಣ್ಣ ಬೆಂಚಿನ ಮೇಲೆ ತುಸು ಸರಿದ.

"ಹೊಟ್ಟೆಗೆ, ಕಾಲಿಗೆ. ನೀ ಹೆದರಿದ ಜಾಗಕ್ಕಲ್ಲ. ಆಮೇಲೆ ಸೂಜಿಗೆ ಸಣ್ಣಗೆ ಕರೆಂಟ್ ಬಿಡುತ್ತಾರೆ."

"ನಮ್ಮ ಓಣಿಯ ಕರೆಂಟ್ ಆದರೆ ಅರ್ಧಕ್ಕೇ ಹೋಗುತ್ತದೆ" ಎಂದರು ಕಾಕಾ.

ಮಾಸ್ತರು ಕೇಳಿಸಲಿಲ್ಲವೆಂಬಂತೆ ಮುಂದುವರಿಸಿದರು. ಒಂದು ಗುಂಪಿಗೆ ಖರೇ ಸೂಜಿ. ಇನ್ನೊಂದಕ್ಕೆ ಸುಳ್ಳು ಸೂಜಿ: ಬೇರೆ ಜಾಗದಲ್ಲಿ ಮೇಲೆ ಮೇಲೆ ಚುಚ್ಚುವುದು, ಕರೆಂಟ್ ಇಲ್ಲ. ವಾರಕ್ಕೆ ಸರಾಸರಿ ಮೂರು ಸಲವಾದರೂ ತಾನಾಗಿ, ಪೂರ್ತಿ ಹೊಟ್ಟೆ ಸಾಫ್ ಆದವರು ಖರೇ ಸೂಜಿಯಲ್ಲಿ ನೂರಕ್ಕೆ 31 ಮಂದಿ, ಸುಳ್ಳು ಸೂಜಿಯಲ್ಲಿ 12.

"ಸುಳ್ಳಿಗೂ 12 ಮಂದಿ ಎದ್ದು ಓಡಿದರಾ!" ಕಾಕಾಗೆ ಬಹಳ ಖುಷಿಯಾಯಿತು.

ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಇನ್ನೊಂದು ಲೆಕ್ಕ. ಖರೇ ಸೂಜಿ ಚುಚ್ಚಿಸಿಕೊಂಡೂ ನೂರಕ್ಕೆ 69 ಮಂದಿ ಆ ಗುರಿ ಮುಟ್ಟಲಿಲ್ಲ, ಅಲ್ವಾ? ಅದೂ ಅಲ್ಲದೆ ಯಾವುದು ಖರೇ ಅಂತ ಚುಚ್ಚುವವರಿಗೆ ಗೊತ್ತಿತ್ತು. ಅವರ ಮಾತು, ಮುಖದ ಧೈರ್ಯವೂ ಸ್ವಲ್ಪ ಕೆಲಸ ಮಾಡಿರಬಹುದು. ಇದನ್ನು ಹೇಳಿದೆ.

"ಇರಬಹುದು" ಎಂದರು ಮಾಸ್ತರು. "ಸುಳ್ಳು ಸೂಜಿಗಿಂತ ಖರೇದರಿಂದ ವಾರಕ್ಕೆ ಎಷ್ಟು ಸಲ ಜಾಸ್ತಿ ಆಯಿತು ಗೊತ್ತೇನು? ಸರಾಸರಿ ಒಂದಕ್ಕೂ ಸ್ವಲ್ಪ ಕಡಿಮೆ."

ಬಸಣ್ಣ ಬೆರಳು ಮಡಚಿದ. "28 ಸಲ ಹೋಗಿ ಬರಬೇಕು. ಸಿಗುವುದು ವಾರಕ್ಕೆ ಒಂದು ಸಂಡಾಸ. ಅದೂ ಪೂರ್ತಿ ಒಂದಲ್ಲ."

"ಒಂದೂ ಇಲ್ಲದವನಿಗೆ ಅದೇ ಹಬ್ಬ" ಎಂದರು ಮಾಸ್ತರು. "ನಾರು, ನೀರು, ಔಷಧ ಎಲ್ಲ ನೋಡಿಯೂ ಆಗದಿದ್ದರೆ ಕಲಿತವರ ಹತ್ತಿರ ಹೋಗಿ ಚುಚ್ಚಿಸಿಕೊಳ್ಳಲಿ, ನಾ ಬೇಡ ಅನ್ನುವುದಿಲ್ಲ. ನೀ ಏನೇನು ನೋಡಿದೆ?"

"ಬಾಳೆಹಣ್ಣು."

"ಮತ್ತೆ?"

"ಮತ್ತೊಂದು ಬಾಳೆಹಣ್ಣು."

"ಗುಳಿಗೆ ಏನಾದರೂ ನುಂಗುತ್ತೀಯೇನು?"

"ಹೊಟ್ಟೆಗಲ್ಲ. ನಿಶ್ಶಕ್ತಿಗೆ ಅಂತ ದೀಪಾವಳಿಯಿಂದ ಕಬ್ಬಿಣಾಂಶದ ಗುಳಿಗೆ."

ಮಾಸ್ತರು ಕಪ್ಪು ಕೆಳಗಿಟ್ಟರು. ಆ ಗುಳಿಗೆ ಹೊಟ್ಟೆ ಕಟ್ಟಿಸುವುದು ಬಹಳ ಮಂದಿಗೆ ಆಗುವ ತೊಂದರೆ. "ಕೊಟ್ಟ ಡಾಕ್ಟರಿಗೆ ಈ ತ್ರಾಸು ಹೇಳಿದೆಯೇನು?"

"ಹೆಣ್ಣುಮಗಳ್ರೀ ಅವರು. ಇಂಥದ್ದು ಹೇಳಲು ನಾಚಿಕೆ ಆಗುತ್ತದೆ."

ಪಕ್ಕದ ಬೆಂಚಿನಲ್ಲಿ ಪೇಪರ್ ಓದುತ್ತಿದ್ದವರು ಪೇಪರ್ ಇಳಿಸಿ ಬಸಣ್ಣನನ್ನೇ ನೋಡಿದರು. ಚಾದಂಗಡಿ ಹುಡುಗ ಯಾರೂ ಕೇಳದೆಯೇ ಅವನ ಮುಂದೆ ಒಂದು ದೊಡ್ಡ ಲೋಟ ಬಿಸಿನೀರು ತಂದಿಟ್ಟ.