ಐ-20 ಜೊತೆಗೇ ಡಿಎಲ್ ಕೂಡ ಮುಗಿಯುತ್ತಿದೆ, ಇಎಡಿ ಬಂದಿಲ್ಲ. ಏನು ಮಾಡಲಿ? (ಟೆಕ್ಸಾಸ್)

ಹಾವೇರಿ_ಹುಡುಗ:
ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಹತ್ತಿರ ಎಂಎಸ್ ಮುಗಿಸುತ್ತಿದ್ದೇನೆ, ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಈ ತಿಂಗಳ ಕೊನೆಗೆ ಐ-20 (ಓದಿನ ಅವಧಿ ಬರೆದು ಕಾಲೇಜು ಕೊಡುವ ಕಾಗದ) ಮುಗಿಯುತ್ತದೆ, ಡಿಎಲ್ ಮೇಲೂ ಅದೇ ತಾರೀಖು, ಜೊತೆಗೆ ಲಿಮಿಟೆಡ್ ಟರ್ಮ್ ಅಂತ ಬೇರೆ ಅಚ್ಚು ಹಾಕಿದ್ದಾರೆ. ಓಪಿಟಿಗೆ (ಓದು ಮುಗಿದ ಮೇಲೆ ಇಲ್ಲೇ ಸ್ವಲ್ಪ ಕಾಲ ಕೆಲಸ ಮಾಡುವ ಅವಕಾಶ) ಅರ್ಜಿ ಹಾಕಿ ರಸೀದಿಯೂ ಬಂದಿದೆ, ಇಎಡಿ, ಅಂದರೆ ಕೆಲಸದ ಅನುಮತಿ ಕಾರ್ಡ್ ಮಾತ್ರ ಇಲ್ಲ. ಕೆಲಸ ಸಿಕ್ಕಿರೋದು ಫ್ರಿಸ್ಕೋದಲ್ಲಿ. ಆ ಊರು ಡಲ್ಲಾಸ್ ಕಡೆಯ ಬಸ್ಸು-ರೈಲು ವ್ಯವಸ್ಥೆ ಡಾರ್ಟ್‌ಗೆ ಸೇರಿಯೇ ಇಲ್ಲ, ಹಾಗಾಗಿ ಕಾರಿಲ್ಲದೆ ಆಗದ ಮಾತು. ಲೈಸೆನ್ಸ್ ಆಫೀಸಿಗೆ ಹೋದರೆ ಕೌಂಟರಿನಲ್ಲಿ ತಾರೀಖು ನೋಡಿದವರೇ ಕಾರ್ಡ್ ಬಂದ ಮೇಲೆ ಬನ್ನಿ ಅಂದು ಕಳಿಸಿದರು. ಊರಲ್ಲಿ ಮಾಡಿಸಿದ ಡಿಎಲ್ ನನಗೆ 40 ತುಂಬೋವರೆಗೆ ನಡೆಯುತ್ತದೆ, ಅದರ ಮೇಲೆ ಆರ್‌ಟಿಓದಿಂದ ಐಡಿಪಿ (ಹೊರದೇಶದಲ್ಲಿ ಓಡಿಸುವ ಅಂತರರಾಷ್ಟ್ರೀಯ ಪರ್ಮಿಟ್) ಮಾಡಿಸಿ ತರಿಸಿಕೋ ಅಂತ ರೂಮ್‌ಮೇಟ್ ಹೇಳುತ್ತಾನೆ. ನಡೆಯುತ್ತಾ?

ಬೆಣ್ಣೆದೋಸೆ:
ಸುಮ್ನೆ ಓಡಿಸು ಗುರು. ಸ್ಪೀಡಿಂಗ್ ಮಾಡದೆ ಇದ್ದರೆ ಯಾರು ಹಿಡಿದು ಕೇಳುತ್ತಾರೆ.

ಹಳೇ_ಎಚ್1ಬಿ:
ದೋಸೆ, ಇಂಥ ಸಲಹೆ ಕೊಡಬೇಡಿ ಮಾರಾಯ್ರೆ. ಹಿಂದಿನಿಂದ ಯಾರೋ ಬಂದು ಗುದ್ದಿದರೂ ಪೊಲೀಸರು ಮೊದಲು ಕೇಳೋದು ಲೈಸೆನ್ಸ್. ಅದು ಮುಗಿದಿದ್ದರೆ ಟಿಕೆಟ್ಟು, ಮೇಲೆ ಇನ್ಶೂರೆನ್ಸ್‌ನವರ ತಕರಾರು. ವೀಸಾ ಮೇಲೆ ಇರೋರಿಗೆ ಪೊಲೀಸ್ ದಾಖಲೆ ಅನ್ನೋದು ಎಷ್ಟು ಕಮ್ಮಿ ಇದ್ದರೆ ಅಷ್ಟು ಒಳ್ಳೇದು.

ತಮ್ಮಾ, ಐಡಿಪಿ ಆಸೆ ಬಿಡು. ಅದು ಊರಿನ ಡಿಎಲ್‌ನಲ್ಲಿ ಇರೋದನ್ನೇ ಬೇರೆ ಭಾಷೆಗಳಲ್ಲಿ ಹೇಳುವ ಪುಸ್ತಕ ಅಷ್ಟೇ, ಸುತ್ತಾಡಲು ಬಂದವರಿಗೆ. ಟೆಕ್ಸಾಸ್‌ನಲ್ಲಿ ವಾಸಕ್ಕೆ ಬಂದವರು 90 ದಿನದೊಳಗೆ ಇಲ್ಲಿನ ಲೈಸೆನ್ಸ್ ತಗೊಳ್ಳಬೇಕು, ನಿನ್ನ ಆ 90 ದಿನ ಯಾವತ್ತೋ ಮುಗಿದಿದೆ. ಈಗ ಹೊಸದಾಗಿ ಪ್ರವಾಸಿ ಆಗೋಕೆ ಬರಲ್ಲ ಅಲ್ವಾ.

ತಾರೀಖು ಹೀಗೆ ಯಾಕೆ ಅಂದರೆ, 2005ರ ರಿಯಲ್ ಐಡಿ ಕಾನೂನು. ನಾಗರಿಕರಲ್ಲದವರಿಗೆ ತಾತ್ಕಾಲಿಕವಾಗಿ ಇರೋಕೆ ಎಷ್ಟು ದಿನ ಅನುಮತಿ ಇದೆಯೋ ಅಷ್ಟೇ ದಿನದ ಲೈಸೆನ್ಸ್ ಕೊಡಬೇಕು ಅನ್ನುತ್ತದೆ ಅದು. ಅನುಮತಿಗೆ ಕೊನೆ ದಿನವೇ ಇಲ್ಲದಿದ್ದರೆ ಒಂದು ವರ್ಷ. ವಿದ್ಯಾರ್ಥಿಗಳ ಐ-94ನಲ್ಲಿ (ದೇಶದೊಳಗೆ ಬಂದಾಗ ಸಿಗುವ ದಾಖಲೆ) ತಾರೀಖಿನ ಬದಲು ಡಿ/ಎಸ್ ಅಂತ ಇರುತ್ತದೆ, ಅಂದರೆ ಓದು ನಡೆಯುವಷ್ಟು ಕಾಲ ಇರಬಹುದು. ಅದಕ್ಕೇ ಹೆಚ್ಚಿನ ಕಡೆ ಕೌಂಟರಿನವರು ಐ-20 ತಾರೀಖು ಹಿಡಿಯುತ್ತಾರೆ. ಓದು ಮುಗಿದ ಮೇಲೆ ನಿನಗೆ 60 ದಿನದ ಗ್ರೇಸ್ ಇದೆ, ಓಪಿಟಿ ಅರ್ಜಿಯೂ ಕೂತಿದೆ, ಹಾಗಾಗಿ ನೀನು ದೇಶದಲ್ಲಿ ಇರೋದು ಪೂರ್ತಿ ಕಾನೂನುಬದ್ಧ. ಆದರೆ ಪ್ಲಾಸ್ಟಿಕ್ ಕಾರ್ಡಿಗೆ ಅದೇನೂ ಗೊತ್ತಿಲ್ಲ, ಅದರ ಮೇಲೆ ಅಚ್ಚಾದ ದಿನ ಅದು ಸತ್ತಂತೆ.

ಡಿಎಸ್‌ಓ (ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿ) ಓಪಿಟಿಗೆ ಶಿಫಾರಸು ಮಾಡಿ ಕೊಟ್ಟ ಹೊಸ ಐ-20 ಇರುತ್ತದಲ್ಲ, ಕೌಂಟರಿನಲ್ಲಿ ಅದನ್ನು ತೋರಿಸಿದ್ಯಾ? ಎರಡನೇ ಪುಟದಲ್ಲಿ ಓಪಿಟಿ ತಾರೀಖುಗಳು ಇರುತ್ತವೆ. ಅದು, ಓಪಿಟಿ ಅರ್ಜಿಯ ಐ-797 ರಸೀದಿ, ಐ-94 ಪ್ರಿಂಟ್, ಪಾಸ್‌ಪೋರ್ಟ್ ಎಲ್ಲಾ ಹಿಡಿದು ಇನ್ನೊಂದು ಆಫೀಸಿಗೆ ಅಪಾಯಿಂಟ್‌ಮೆಂಟ್ ತಗೋ. ಬಾಯಿಮಾತಲ್ಲಿ ಇಲ್ಲ ಅಂದರೆ ಎದ್ದು ಬರಬೇಡ, ಸೇವ್‌ಗೆ ಹಾಕಿ ನೋಡಿ ಅಂತ ಮರ್ಯಾದೆಯಿಂದ ಕೇಳು. ಸೇವ್ ಅಂದರೆ ನಮ್ಮ ವಲಸೆ ದಾಖಲೆ ಸರಿ ಇದೆಯಾ ಅಂತ ರಾಜ್ಯದವರು ವಲಸೆ ಇಲಾಖೆ ಯುಎಸ್‌ಸಿಐಎಸ್‌ನಲ್ಲಿ ವಿಚಾರಿಸುವ ವ್ಯವಸ್ಥೆ. ಒಮ್ಮೊಮ್ಮೆ ಅಲ್ಲೇ ಉತ್ತರ ಬರುತ್ತದೆ, ಇಲ್ಲದಿದ್ದರೆ ಎರಡನೇ ಹಂತಕ್ಕೆ ಹೋಗಿ ದಿನಗಟ್ಟಲೆ ಕೂರುತ್ತದೆ. ಆಗ ಕೇಸ್ ನಂಬರ್ ಈಸ್ಕೊಂಡು ಬಾ, ಸೇವ್ ಕೇಸ್‌ಚೆಕ್ ಸೈಟಿನಲ್ಲಿ ನೀನೇ ನೋಡಬಹುದು. ಕೊಟ್ಟೇ ಕೊಡುತ್ತಾರೆ ಅಂತ ಭರವಸೆ ಹೇಳಲ್ಲ, ಒಂದೇ ಕಾಗದಕ್ಕೆ ಒಂದು ಕೌಂಟರಿನಲ್ಲಿ ಹೂಂ, ಇನ್ನೊಂದರಲ್ಲಿ ಊಹೂಂ.

ಶಿರಸಿ_ಅಕ್ಕ:
ಮೇಲಿನವರು ಹೇಳಿದ್ದು ಸರಿ. ಆದರೆ ತಮ್ಮಾ, ಇಎಡಿ ಕೈಗೆ ಬಂದು ಅದರ ಮೇಲಿನ ತಾರೀಖು ಶುರುವಾಗೋವರೆಗೆ ನೀನು ಕೆಲಸಕ್ಕೂ ಸೇರುವ ಹಾಗಿಲ್ಲ ಅಲ್ವಾ? ಹಾಗಾಗಿ ಫ್ರಿಸ್ಕೋ ಚಿಂತೆ ಈಗಲೇ ಬೇಡ. ನಿಜವಾದ ತಾಪತ್ರಯ ಇರೋದು ಕಾರ್ಡ್ ಬಂದ ದಿನಕ್ಕೂ ಲೈಸೆನ್ಸ್ ಸಿಗುವ ದಿನಕ್ಕೂ ನಡುವೆ. ಅಪಾಯಿಂಟ್‌ಮೆಂಟ್ ಸುಲಭಕ್ಕೆ ಸಿಗಲ್ಲ, ಅಂದಾಜಿನ ಮೇಲೆ ಮುಂದಿನದೊಂದು ಈಗಲೇ ಹಿಡಿದಿಟ್ಟುಕೋ. ತೀರಾ ಅರ್ಜೆಂಟ್ ಇದ್ದರೆ ಓಪಿಟಿಗೂ ಪ್ರೀಮಿಯಂ (ಹೆಚ್ಚು ದುಡ್ಡು ಕೊಟ್ಟು ಅರ್ಜಿ ಬೇಗ ನೋಡಿಸುವುದು) ಇದೆ, 30 ಕೆಲಸದ ದಿನದಲ್ಲಿ ಉತ್ತರ ಬರುತ್ತದೆ, ಆದರೆ ಒಂದೂವರೆ ಸಾವಿರ ಡಾಲರಿಗಿಂತ ಜಾಸ್ತಿ. ಕಂಪನಿಯವರು ಕೊಟ್ಟರೆ ಮಾತ್ರ ಯೋಚಿಸು.

ನಾನು ಎಚ್-4 (ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡೋದು), ನಮ್ಮದು ಬೇರೆ ಕಥೆ. ಊರಿಂದ ವಾಪಸ್ ಬರುವಾಗ ಪಾಸ್‌ಪೋರ್ಟ್ ಅವಧಿ ಕಮ್ಮಿ ಇತ್ತು ಅಂತ ಏರ್‌ಪೋರ್ಟಿನಲ್ಲಿ ಐ-94 ಅನ್ನು ಆ ತಾರೀಖಿಗೇ ಕತ್ತರಿಸಿದರು, ಅದನ್ನು ನೋಡಿ ಲೈಸೆನ್ಸ್ ಕೂಡ ಮೋಟು. ಗಂಡನ ಎಚ್-1ಬಿ ಮಂಜೂರಾತಿ ಇನ್ನೂ ಎಷ್ಟೋ ದಿನ ಇತ್ತು, ಅದನ್ನು ಯಾರೂ ಕೇಳಲಿಲ್ಲ. ಊರಿಗೆ ಹೋಗುವವರು ಪಾಸ್‌ಪೋರ್ಟ್ ಮೊದಲು ರಿನ್ಯೂ ಮಾಡಿಸಿ. ಶುಲ್ಕ ನೋಡಿದರೆ ಇನ್ನೂ ಉರಿಯುತ್ತದೆ, ಇಲ್ಲಿಯವರ ಎಂಟು ವರ್ಷದ ಕಾರ್ಡಿಗೂ 33 ಡಾಲರ್, ನಮ್ಮ ಕೆಲವು ತಿಂಗಳಿನದಕ್ಕೂ 33.

ಹಾವೇರಿ_ಹುಡುಗ:
ಅಕ್ಕಾ, ಅಣ್ಣಾ, ತುಂಬಾ ಥ್ಯಾಂಕ್ಸ್. ಹೊಸ ಐ-20 ಬ್ಯಾಗಿನಲ್ಲೇ ಇತ್ತು, ಅವರು ಕೇಳಲೇ ಇಲ್ಲ. ಡೆಂಟನ್‌ನಲ್ಲಿ ಗುರುವಾರಕ್ಕೆ ಸ್ಲಾಟ್ ಸಿಕ್ಕಿದೆ. ಇನ್ನೊಂದು ಡೌಟು, ಈ ಲಿಮಿಟೆಡ್ ಟರ್ಮ್ ಕಾರ್ಡಿನಲ್ಲಿ ಒಳನಾಡಿನ ವಿಮಾನ ಹತ್ತಬಹುದಾ?

ಹಳೇ_ಎಚ್1ಬಿ:
ಮೇಲೆ ನಕ್ಷತ್ರ ಇದ್ದರೆ ಅದೂ ರಿಯಲ್ ಐಡಿನೇ, ಅವಧಿ ಇರೋವರೆಗೆ ನಡೆಯುತ್ತದೆ. ಇಲ್ಲದಿದ್ದರೆ ಪಾಸ್‌ಪೋರ್ಟ್ ತೋರಿಸು, ಸಾಕು. ಮುಂದೆ ಎಚ್-1ಬಿ ಲಾಟರಿ ಹೊಡೆದು ಓಪಿಟಿ ನಡುವೆ ಮುಗಿದರೆ ಮತ್ತೆ ಇದೇ ರಾಮಾಯಣ. ಆಗ ಕ್ಯಾಪ್-ಗ್ಯಾಪ್ (ಓಪಿಟಿ ಮುಗಿದು ಎಚ್-1ಬಿ ಶುರುವಾಗೋವರೆಗಿನ ವಿಸ್ತರಣೆ) ಬರೆದ ಐ-20 ಡಿಎಸ್‌ಓ ಹತ್ತಿರ ಕೇಳಿ ಇಟ್ಟುಕೋ, 2025ರಿಂದ ಅದು ಏಪ್ರಿಲ್ 1ರವರೆಗೂ ಸಿಗುತ್ತದೆ. ಗುರುವಾರ ಏನಾಯ್ತು ಅಂತ ಇಲ್ಲೇ ಬರಿ.

ಬೆಣ್ಣೆದೋಸೆ:
ಸರಿಯಪ್ಪಾ, ಓಡಿಸಬೇಡ. ನಾನು ಲೂಯಿಸ್‌ವಿಲ್‌ನಲ್ಲಿ ಇರೋದು, ಡೆಂಟನ್ ದೂರ ಇಲ್ಲ. ಗುರುವಾರ ಯಾರೂ ಸಿಗದಿದ್ದರೆ ಮೆಸೇಜ್ ಹಾಕು, ಬಿಟ್ಟು ಬರುತ್ತೇನೆ.