303 ಸ್ಕ್ವಾಡ್ರನ್: ಅನುಭವಿ ಪೋಲಿಷ್ ಪೈಲಟ್‌ಗಳನ್ನು ಆಗಸ್ಟ್ ಕೊನೆಯವರೆಗೆ ಕಾಯಿಸಿದ್ದೇಕೆ?

ನೀಲಿಬಾನು:
ಪೋಲಿಷ್ ಪೈಲಟ್‌ಗಳು 1939ರ ಸೆಪ್ಟೆಂಬರ್‌ನಲ್ಲಿ ತಮ್ಮ ದೇಶದಲ್ಲೇ ಜರ್ಮನರನ್ನು ಎದುರಿಸಿದವರು. ಹಲವರು ಆಮೇಲೆ ಫ್ರಾನ್ಸಿನಲ್ಲೂ ಹೋರಾಡಿ, ಅದು ಸೋತ ಮೇಲೆ ಬ್ರಿಟನ್ನಿಗೆ ಬಂದರು. ಹೀಗಿದ್ದೂ ಬ್ರಿಟಿಷ್ ವಾಯುಪಡೆಯಡಿ ಪೋಲಿಷರದೇ ಆದ 303 ಸ್ಕ್ವಾಡ್ರನ್ (ಯುದ್ಧವಿಮಾನಗಳ ತುಕಡಿ) ಲಂಡನ್ ಬಳಿಯ ನಾರ್ಥೋಲ್ಟ್‌ನಲ್ಲಿ ರಚನೆಯಾದದ್ದು 1940ರ ಆಗಸ್ಟ್ 2ಕ್ಕೆ, ಕಾಳಗಕ್ಕೆ ಇಳಿದದ್ದು ಆಗಸ್ಟ್ 31ಕ್ಕೆ. ಜರ್ಮನ್ ವಾಯುದಾಳಿಯನ್ನು ತಡೆಯುತ್ತಿದ್ದ ಬ್ರಿಟಿಷ್ ಫೈಟರ್ ಕಮಾಂಡ್‌ಗೆ ನುರಿತ ಪೈಲಟ್‌ಗಳ ಕೊರತೆ ಕಾಡುತ್ತಿದ್ದ ತಿಂಗಳು ಅದು. ಇದಕ್ಕೆ ಬ್ರಿಟಿಷರ ಅಪನಂಬಿಕೆ ಮಾತ್ರ ಕಾರಣವೇ, ತಾಂತ್ರಿಕ ಕಾರಣಗಳೂ ಇದ್ದವೇ? ಜೊತೆಗೆ, ಈ ಸ್ಕ್ವಾಡ್ರನ್ 126 ವಿಮಾನ ಕೆಡವಿತು ಎಂಬ ಲೆಕ್ಕವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಹಳೆಎಂಜಿನ್:
ಅಪನಂಬಿಕೆ ಇದ್ದದ್ದು ನಿಜ. ಆದರೆ ಆ ನಾಲ್ಕು ವಾರ ಸುಮ್ಮನೆ ಕಳೆದದ್ದಲ್ಲ. ಕಾಕ್‌ಪಿಟ್ಟಿನಿಂದ ಶುರು ಮಾಡೋಣ.

ದೊಡ್ಡ ತೊಡಕು ಥ್ರಾಟಲ್, ಅಂದರೆ ಎಂಜಿನ್ ಶಕ್ತಿ ನಿಯಂತ್ರಿಸುವ ಲಿವರ್. ಪೋಲಿಷ್ ಮತ್ತು ಫ್ರೆಂಚ್ ವಿಮಾನಗಳ ಪದ್ಧತಿಯಲ್ಲಿ ಶಕ್ತಿ ಹೆಚ್ಚಿಸಲು ಲಿವರನ್ನು ಹಿಂದಕ್ಕೆ ಎಳೆಯಬೇಕು. 303ಕ್ಕೆ ಕೊಟ್ಟ ಬ್ರಿಟಿಷ್ ಯುದ್ಧವಿಮಾನ ಹರಿಕೇನ್‌ನಲ್ಲಿ ಮುಂದಕ್ಕೆ ತಳ್ಳಬೇಕು. ನೆಲದ ಮೇಲೆ ಇದನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು. ಆದರೆ ಇಳಿಯುವಾಗ ವೇಗ ಕುಸಿದು ಗಾಬರಿಯಾದರೆ ಕೈ ಹಳೇ ದಾರಿಯನ್ನೇ ಹಿಡಿಯುತ್ತದೆ, ಶಕ್ತಿ ಬೇಕಾದ ಗಳಿಗೆಯಲ್ಲೇ ಎಂಜಿನ್ ತಗ್ಗುತ್ತದೆ. ಸಾವಿರ ಗಂಟೆ ಹಾರಿದವನಿಗೆ ಹೊಸಬನಿಗಿಂತ ಅಪಾಯ ಹೆಚ್ಚು, ಏಕೆಂದರೆ ಅವನ ಕೈಗೆ ಅಭ್ಯಾಸ ಗಟ್ಟಿಯಾಗಿ ಕೂತಿರುತ್ತದೆ.

ಎರಡನೆಯದು ಚಕ್ರ. ಅವರ ಹಳೆಯ ಪೋಲಿಷ್ ಯುದ್ಧವಿಮಾನ ಪಿಝೆಡ್‌ಎಲ್ ಪಿ.11ರ ಚಕ್ರಗಳು ಸ್ಥಿರ, ಮಡಚುವ ಪ್ರಶ್ನೆಯೇ ಇಲ್ಲ. ಫ್ರಾನ್ಸಿನಲ್ಲಿ ಮೊರಾನ್ 406 ಯುದ್ಧವಿಮಾನ ಹಾರಿಸಿದವರಿಗೆ ಮಡಚುವ ಚಕ್ರ ಹೊಸದಲ್ಲ, ಉಳಿದವರಿಗೆ ಹೊಸದು. ಹರಿಕೇನ್‌ನಲ್ಲಿ ಚಕ್ರ ಮತ್ತು ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯಿಂದ ಕೆಳಬಾಗುವ ಪಟ್ಟಿ) ಎರಡಕ್ಕೂ ಒಂದೇ ಲಿವರ್, ಅದೂ ಬಲಗಡೆ. ನೆಲ ಬಿಟ್ಟ ಕೂಡಲೇ ಎಡಗೈಯನ್ನು ಥ್ರಾಟಲ್‌ನಿಂದ ತೆಗೆದು ಕಂಟ್ರೋಲ್ ಸ್ಟಿಕ್ ಹಿಡಿಯಬೇಕು, ಬಲಗೈಯಿಂದ ಲಿವರ್ ತಳ್ಳಬೇಕು. ಕೈ ಬದಲಿಸುವಾಗ ಸ್ಟಿಕ್ ಅಲುಗಿದರೆ ವಿಮಾನ ಏರಿಳಿದು ಕುಣಿಯುತ್ತದೆ. ಇಳಿಯುವಾಗ ವೇಗ ಗಂಟೆಗೆ 120 ಮೈಲಿಗಿಂತ, ಅಂದರೆ ಸುಮಾರು 193 ಕಿ.ಮೀ.ಗಿಂತ ಕಡಿಮೆಯಾದ ಮೇಲೆ ಚಕ್ರ ಬಿಡಬೇಕು, ಹಸಿರು ದೀಪ ನೋಡಬೇಕು. ಥ್ರಾಟಲ್ ತಗ್ಗಿಸಿದಾಗ ಚಕ್ರ ಇನ್ನೂ ಮೇಲಿದ್ದರೆ ಎಚ್ಚರಿಕೆಯ ಹಾರ್ನ್ ಕೂಗುತ್ತದೆ. ಅಷ್ಟಾದರೂ ಕೆಲವರು ಹೊಟ್ಟೆಯ ಮೇಲೆ ಇಳಿಸಿದರು, ಪ್ರೊಪೆಲ್ಲರ್ ಬಾಗಿತು.

ಇನ್ನು ಮಾಪಕಗಳು. ಅವರ ತಲೆಯಲ್ಲಿದ್ದದ್ದು ಮೀಟರ್, ಕಿಲೋಮೀಟರ್, ಲೀಟರ್. ಮುಂದೆ ಕಾಣುವುದು ಅಡಿ, ಮೈಲಿ, ಗ್ಯಾಲನ್. 20,000 ಅಡಿ ಎಂದರೆ 6,096 ಮೀಟರ್ ಎಂದು ಲೆಕ್ಕ ಹಾಕುತ್ತ ಕೂರಲು ಕಾಳಗದಲ್ಲಿ ಪುರಸೊತ್ತಿಲ್ಲ.

ದಿಕ್ಸೂಚಿ:
ಹಳೆಎಂಜಿನ್ ಅವರು ಹೇಳಿದ್ದೆಲ್ಲ ಸರಿ, ಆದರೆ ಅದಕ್ಕೆ ಒಂದು ವಾರ ಸಾಕಿತ್ತು. ತಡವಾದದ್ದು ಮುಖ್ಯವಾಗಿ ರೇಡಿಯೋದಿಂದ ಎಂದೇ ನನ್ನ ಅಭಿಪ್ರಾಯ.

ಬ್ರಿಟಿಷರ ಇಡೀ ರಕ್ಷಣಾ ವ್ಯವಸ್ಥೆ ನಿಂತಿದ್ದದ್ದು ನೆಲದ ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ತಕ್ಷಣ ಪಾಲಿಸುವುದರ ಮೇಲೆ. ‘ವೆಕ್ಟರ್ ಒನ್ ಟೂ ಝೀರೋ, ಏಂಜೆಲ್ಸ್ ಒನ್ ಫೈವ್’ ಎಂದರೆ 120 ಡಿಗ್ರಿ ದಿಕ್ಕಿಗೆ ಹೋಗಿ, 15,000 ಅಡಿ ಎತ್ತರದಲ್ಲಿರಿ ಎಂದರ್ಥ. ‘ಬ್ಯಾಂಡಿಟ್’ ಎಂದರೆ ಶತ್ರು, ‘ಬೋಗಿ’ ಎಂದರೆ ಗುರುತು ಸಿಗದ ವಿಮಾನ, ‘ಪ್ಯಾನ್‌ಕೇಕ್’ ಎಂದರೆ ಮರಳಿ ಇಳಿಯಿರಿ. ಇಂಗ್ಲಿಷ್ ಬಲ್ಲವರಿಗೂ ಇದು ಬೇರೆಯದೇ ಭಾಷೆ. ಆಗಿನ ಟಿಆರ್9 ರೇಡಿಯೋದಲ್ಲಿ ಧ್ವನಿ ಗೊರಗೊರ ಕೇಳುತ್ತಿತ್ತು. ಅದರ ಮೇಲೆ ‘ಪಿಪ್‌ಸ್ಕ್ವೀಕ್’: ವಿಮಾನ ಎಲ್ಲಿದೆ ಎಂದು ನೆಲದವರಿಗೆ ತಿಳಿಯಲು ಪ್ರತಿ ನಿಮಿಷದಲ್ಲಿ 14 ಸೆಕೆಂಡ್ ತಾನಾಗಿಯೇ ಸಂಕೇತ ಕಳಿಸುವ ಸಾಧನ. ಅಷ್ಟು ಹೊತ್ತು ಆ ಸೆಟ್‌ನಲ್ಲಿ ಮಾತಿಲ್ಲ. ಆದೇಶದ ಅರ್ಧ ಆಗಲೇ ತಪ್ಪಿಹೋದರೆ, ಭಾಷೆ ಬಲ್ಲವನು ಉಳಿದರ್ಧದಿಂದ ಊಹಿಸಿಕೊಳ್ಳುತ್ತಾನೆ. ಬಾರದವನು ಏನು ಮಾಡಬೇಕು? ಒಬ್ಬ ತಪ್ಪು ತಿರುವು ತೆಗೆದುಕೊಂಡರೆ ಹನ್ನೆರಡು ವಿಮಾನಗಳ ದಾಳಿಯೇ ದಾರಿ ತಪ್ಪುತ್ತದೆ.

ಅದಕ್ಕೇ 303ರಲ್ಲಿ ಜೋಡಿ ನಾಯಕತ್ವ. ಬ್ರಿಟಿಷ್ ಕಡೆಯಿಂದ ರೊನಾಲ್ಡ್ ಕೆಲೆಟ್, ಪೋಲಿಷ್ ಕಡೆಯಿಂದ ಝ್‌ಜಿಸ್ವಾಫ್ ಕ್ರಾಸ್ನೊದೆಂಬ್ಸ್ಕಿ. ಸ್ಕ್ವಾಡ್ರನ್ನಿನ ಎರಡು ಭಾಗಗಳನ್ನು ನಡೆಸುವ ಫ್ಲೈಟ್ ಕಮಾಂಡರ್‌ಗಳಾಗಿ ಕೆನಡಾದ ಜಾನ್ ಕೆಂಟ್, ಇಂಗ್ಲೆಂಡಿನ ಅಥೊಲ್ ಫೋರ್ಬ್ಸ್. ಕೆಲೆಟ್ ಮತ್ತು ಫೋರ್ಬ್ಸ್‌ಗೆ ಫ್ರೆಂಚ್ ಬರುತ್ತಿತ್ತು, ಪೋಲಿಷ್ ಅಧಿಕಾರಿಗಳಲ್ಲೂ ಹಲವರಿಗೆ ಫ್ರೆಂಚ್ ಬರುತ್ತಿತ್ತು. ಮೊದಮೊದಲು ಕೆಲಸ ನಡೆದದ್ದು ಆ ಮೂರನೇ ಭಾಷೆಯಲ್ಲೇ.

ಆಗಸ್ಟ್ 30ರಂದು ಬ್ಲೆನ್‌ಹೈಮ್ ಬಾಂಬರ್‌ಗಳ ಜೊತೆ ತಾಲೀಮು ನಡೆಯುತ್ತಿದ್ದಾಗ ಲುಡ್ವಿಕ್ ಪಾಷ್ಕೆವಿಚ್ ಸಾಲು ಬಿಟ್ಟು ಹೋಗಿ ಒಂದು ಜರ್ಮನ್ ವಿಮಾನ ಕೆಡವಿದರು. ಮರುದಿನವೇ ಸ್ಕ್ವಾಡ್ರನ್ನಿಗೆ ಕಾಳಗದ ಅನುಮತಿ ಸಿಕ್ಕಿತು.

ನೀಲಿಬಾನು:
ಇಬ್ಬರಿಗೂ ಧನ್ಯವಾದ. ಪಿಪ್‌ಸ್ಕ್ವೀಕ್ ವಿಷಯ ಗೊತ್ತೇ ಇರಲಿಲ್ಲ. 126ರ ಲೆಕ್ಕದ ಬಗ್ಗೆ ಯಾರಾದರೂ ಹೇಳುತ್ತೀರಾ? ‘ಸೇಡಿನ ಕಿಚ್ಚಿನಿಂದ ಹಾಗೆ ಹೋರಾಡಿದರು’ ಎಂಬ ಮಾತನ್ನು ಎಲ್ಲ ಕಡೆ ಓದುತ್ತೇವೆ.

ಕಡತಪ್ರಿಯ:
ಕಿಚ್ಚು ಇದ್ದೇ ಇತ್ತು, ಅವರು ದೇಶ ಕಳೆದುಕೊಂಡವರು. ಆದರೆ ಕಿಚ್ಚಿನಿಂದ ಗುರಿ ಕೂಡಿಬರುವುದಿಲ್ಲ. ಆ ವಿವರಣೆ ಅವರ ಕೌಶಲಕ್ಕೆ ಮಾಡುವ ಅನ್ಯಾಯ.

ಹರಿಕೇನ್‌ನ ರೆಕ್ಕೆಗಳಲ್ಲಿ 0.303 ಇಂಚಿನ ಎಂಟು ಬ್ರೌನಿಂಗ್ ಮೆಷಿನ್‌ಗನ್. ಎಲ್ಲ ಸೇರಿ ಸುಮಾರು 15 ಸೆಕೆಂಡ್ ಹೊಡೆಯುವಷ್ಟು ಗುಂಡು, ಅಷ್ಟೇ. ಯುದ್ಧದ ಆರಂಭದಲ್ಲಿ ಈ ಬಂದೂಕುಗಳನ್ನು 400 ಗಜ ದೂರಕ್ಕೆ ಹೊಂದಿಸುತ್ತಿದ್ದರು. ಅಷ್ಟು ದೂರದಿಂದ ಬಾಂಬರ್‌ಗೆ ಚದುರಿದ ತೂತುಗಳು ಬೀಳುತ್ತವೆ, ಅದು ಮನೆ ಸೇರುತ್ತದೆ. ಆಮೇಲೆ ಹಲವು ಸ್ಕ್ವಾಡ್ರನ್‌ಗಳು 250 ಗಜಕ್ಕೆ, ಅಂದರೆ ಸುಮಾರು 229 ಮೀಟರಿಗೆ ಇಳಿಸಿದವು. ಪೋಲಿಷರು ಅದಕ್ಕಿಂತಲೂ ಹತ್ತಿರ ಹೋಗಿ ಹೊಡೆಯುತ್ತಿದ್ದರು. ಇದು ಹುಚ್ಚು ಧೈರ್ಯವಲ್ಲ. ಪಿ.11ರಲ್ಲಿ ಹೆಚ್ಚಿನವಕ್ಕೆ ಎರಡೇ ಬಂದೂಕು, ಹತ್ತಿರ ಹೋಗದೆ ಏನೂ ಬೀಳುತ್ತಿರಲಿಲ್ಲ. ಅಲ್ಲಿ ಕಲಿತದ್ದನ್ನು ಎಂಟು ಬಂದೂಕಿನ ವಿಮಾನದಲ್ಲಿ ಬಳಸಿದರು.

ಇನ್ನೊಂದು, ಆಕಾಶ ನೋಡುವ ರೂಢಿ. ಮೂರು ವಿಮಾನಗಳ ಬಿಗಿಯಾದ ಬಾಣದಾಕಾರದಲ್ಲಿ ಹಾರುವಾಗ ಅಕ್ಕಪಕ್ಕದವರ ಕಣ್ಣೆಲ್ಲ ನಾಯಕನ ರೆಕ್ಕೆಗೆ ತಗಲುವುದೋ ಎಂಬ ಕಡೆಗೇ ಇರುತ್ತದೆ. ಬೆನ್ನ ಹಿಂದೆ ಜರ್ಮನ್ ಯುದ್ಧವಿಮಾನ ಮೆಸರ್‌ಸ್ಮಿಟ್ ಬಂದರೂ ಕಾಣದು. ಪೋಲಿಷರಿಗೆ ತಲೆ ತಿರುಗಿಸುತ್ತಲೇ ಹಾರುವ ಅಭ್ಯಾಸವಿತ್ತು.

ಈಗ ಲೆಕ್ಕ. 126 ಎಂಬುದು ಆಗ ದಾಖಲಾದ ಸಂಖ್ಯೆ, ಸುಮಾರು ಆರು ವಾರದ್ದು. ಯುದ್ಧಾನಂತರ ಜರ್ಮನ್ ನಷ್ಟದ ಕಡತಗಳ ಜೊತೆ ತಾಳೆ ನೋಡಿದ ಸಂಶೋಧಕರ ಲೆಕ್ಕ ಅದರ ಅರ್ಧಕ್ಕೂ ಕಡಿಮೆ. ಸುಳ್ಳು ಬರೆದರು ಎಂದಲ್ಲ. ಒಂದೇ ಬಾಂಬರಿಗೆ ಮೂವರು ಬೇರೆಬೇರೆ ಕಡೆಯಿಂದ ಹೊಡೆದರೆ ಮೂವರಿಗೂ ಅದು ತನ್ನದೇ ಎನಿಸುತ್ತದೆ. ಮೆಸರ್‌ಸ್ಮಿಟ್ 109 ತಲೆಕೆಳಗಾಗಿ ಧುಮುಕುವಾಗ ಪೂರ್ತಿ ಥ್ರಾಟಲ್ ಕೊಟ್ಟರೆ ಕಪ್ಪು ಹೊಗೆ ಬರುತ್ತಿತ್ತು, ಮೇಲಿದ್ದವನಿಗೆ ಅದು ಹೊತ್ತಿ ಉರಿದಂತೆ. ಕೆಳಗೆ ಹೋಗಿ ನೋಡಲು ಕೂತರೆ ತಾನೇ ಬಲಿ. ಇದು 303ಕ್ಕೆ ಮಾತ್ರ ಸೀಮಿತವೂ ಅಲ್ಲ. ಸೆಪ್ಟೆಂಬರ್ 15ರಂದು ಬ್ರಿಟಿಷರು ಘೋಷಿಸಿದ್ದು 185, ಜರ್ಮನರು ನಿಜಕ್ಕೂ ಕಳೆದುಕೊಂಡದ್ದು 60ರ ಆಸುಪಾಸು. ಕಡಿತ ಮಾಡಿದ ಲೆಕ್ಕದಲ್ಲೂ 303 ಮುಂಚೂಣಿಯ ಸ್ಕ್ವಾಡ್ರನ್‌ಗಳಲ್ಲೇ ಇದೆ, ಅದೂ ಆಗಸ್ಟ್ ಕೊನೆಗೆ ಬಂದು.

ದಿಕ್ಸೂಚಿ:
ಒಂದು ಸೇರ್ಪಡೆ. ಆ 126ರಲ್ಲಿ 17 ಜೋಸೆಫ್ ಫ್ರಾಂಟಿಷೆಕ್ ಅವರದು. ಅವರು ಚೆಕ್, ಪೋಲಿಷ್ ಅಲ್ಲ. ಎಲ್ಲವೂ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ. ಅಕ್ಟೋಬರ್ 8ರಂದು ಅಪಘಾತದಲ್ಲಿ ತೀರಿಕೊಂಡರು.

ಹಳೆಎಂಜಿನ್:
ಮೂಲ ಪ್ರಶ್ನೆಗೆ ಒಂದು ತಿದ್ದುಪಡಿಯೂ ಬೇಕು. ‘ಪೋಲಿಷರನ್ನು ಕಾಯಿಸಿದರು’ ಎಂಬುದು 303ಕ್ಕೆ ಒಪ್ಪುತ್ತದೆ, ಎಲ್ಲರಿಗೂ ಅಲ್ಲ. ಬ್ರಿಟಿಷ್ ಸ್ಕ್ವಾಡ್ರನ್‌ಗಳಿಗೆ ಒಬ್ಬೊಬ್ಬರಾಗಿ ಸೇರಿದ್ದ ಪೋಲಿಷರು ಜುಲೈಯಲ್ಲೇ ಕಾಳಗದಲ್ಲಿದ್ದರು. 145ನೇ ಸ್ಕ್ವಾಡ್ರನ್ನಿನ ಅಂತೋನಿ ಓಸ್ತೋವಿಚ್ ಆಗಸ್ಟ್ 11ಕ್ಕೇ ಹತರಾದರು. 501ನೇ ಸ್ಕ್ವಾಡ್ರನ್ನಿನ ಅಂತೋನಿ ಗ್ವೊವಾತ್ಸ್ಕಿ ಆಗಸ್ಟ್ 24ರ ಒಂದೇ ದಿನ ಐದು ವಿಮಾನ ಕೆಡವಿದ್ದಾಗಿ ದಾಖಲಾಗಿದೆ. ಅವರ ಸುತ್ತ ಇಂಗ್ಲಿಷ್ ಮಾತಾಡುವವರೇ ಇದ್ದರು, ನಾಯಕನ ಹಿಂದೆ ಹೋದರೆ ಸಾಕಿತ್ತು. ಇಡೀ ಸ್ಕ್ವಾಡ್ರನ್ನೇ ಪೋಲಿಷ್ ಆದಾಗ ಆ ಆಸರೆ ಇರಲಿಲ್ಲ.

ಕಾಗದಪತ್ರದ ತೊಡಕೂ ಇತ್ತು. ಮೊದಲು ಬಂದವರನ್ನು ರಾಯಲ್ ಏರ್ ಫೋರ್ಸಿನ ಮೀಸಲು ಪಡೆಗೆ ಸೇರಿಸಿಕೊಂಡು, ಬ್ರಿಟಿಷ್ ರಾಜನಿಗೂ ನಿಷ್ಠೆಯ ಪ್ರಮಾಣ ಮಾಡಿಸುತ್ತಿದ್ದರು. ಪೋಲಿಷ್ ವಾಯುಪಡೆ ತನ್ನದೇ ದೇಶದ ಪಡೆ ಎಂದು ಒಪ್ಪಂದವಾದದ್ದು 1940ರ ಆಗಸ್ಟ್ 5ಕ್ಕೆ, 303 ಹುಟ್ಟಿ ಮೂರು ದಿನವಾದ ಮೇಲೆ.