ಕನ್ನಡಿ ಚಿಕಿತ್ಸೆಯಿಂದ ನೋವು ಏರುತ್ತಿದೆ: ಮಣಿಕಟ್ಟು ಮುರಿದ ನಂತರದ ಸಿ.ಆರ್.ಪಿ.ಎಸ್. (ಗಾಯ ಮಾಗಿದರೂ ಹೋಗದ ತೀವ್ರ ಕೈ-ಕಾಲು ನೋವಿನ ಕಾಯಿಲೆ)

ಹೊಸಫಿಸಿಯೋ:
ರೋಗಿಗೆ 54 ವರ್ಷ. ಬಲ ಮಣಿಕಟ್ಟು ಮುರಿದಿತ್ತು, ಪ್ಲಾಸ್ಟರ್ ಬಿಚ್ಚಿ ಐದು ತಿಂಗಳು. ಮೂಳೆ ಕೂಡಿದೆ. ಆದರೆ ಉರಿ, ಊತ, ಬೆವರು ಹೋಗಿಲ್ಲ. ಸೀರೆ ಸೆರಗು ತಾಗಿದರೂ ಕೈ ಎಳೆದುಕೊಳ್ಳುತ್ತಾರೆ. ಬುಡಾಪೆಸ್ಟ್ ಮಾನದಂಡಕ್ಕೆ (ಈ ಕಾಯಿಲೆ ಗುರುತಿಸುವ ಲಕ್ಷಣಪಟ್ಟಿ) ಎಲ್ಲವೂ ಹೊಂದುತ್ತದೆ. ದಿನಕ್ಕೊಮ್ಮೆ 20 ನಿಮಿಷ, ಒಳ್ಳೆಯ ಕೈಯ ಬಿಂಬವೇ ನೋವಿನ ಕೈ ಎನಿಸುವಂತೆ ಎರಡು ಕೈಗಳ ನಡುವೆ ಕನ್ನಡಿ ಇಟ್ಟು, ಎರಡೂ ಕೈಯಲ್ಲಿ ಮುಷ್ಟಿ ಬಿಗಿದು ಬಿಡಿಸುವುದನ್ನು ಮಾಡಿಸಿದೆ. ನಾಲ್ಕನೇ ದಿನಕ್ಕೆ ನೋವು (10ರಲ್ಲಿ) 5ರಿಂದ 8ಕ್ಕೆ ಹೋಯಿತು, ಸಂಜೆಗೆ ಬೆರಳು ಊದಿದವು. ಕನ್ನಡಿಯನ್ನೇ ಬಿಡಬೇಕಾ? ಚಿಕಿತ್ಸೆಯ ಆ್ಯಪ್‌ಗೆ ದುಡ್ಡು ಹಾಕುವ ಸ್ಥಿತಿ ಅವರದ್ದಲ್ಲ, ಮನೆಯಲ್ಲೇ ಆಗುವಂಥದ್ದು ಹೇಳಿ.

ನೋವುನರ:
ಕನ್ನಡಿ ತಪ್ಪಲ್ಲ, ಸರದಿ ತಪ್ಪಿದೆ. ಫೋಟೋದಲ್ಲಿ ಕೈಯ ಎಡ-ಬಲ ಗುರುತಿಸುವುದು ಮೊದಲು, ಮನಸ್ಸಿನಲ್ಲೇ ಕೈ ಆಡಿಸುವುದು ಆಮೇಲೆ, ಕನ್ನಡಿ ಮೂರನೆಯದು. ಆಸ್ಟ್ರೇಲಿಯಾದ ನೋವು ಸಂಶೋಧಕ ಲೊರಿಮರ್ ಮೋಸ್ಲೆ 2004ರಲ್ಲಿ ಇದನ್ನು ನೋಡಿದ್ದು ನಿಮ್ಮ ರೋಗಿಯಂಥವರಲ್ಲೇ: ಮಣಿಕಟ್ಟು ಮುರಿದ 13 ಜನ, ಹಂತಕ್ಕೆ ಎರಡು ವಾರ. ಮುಂದಿನ ವರ್ಷ ಹಂತಗಳನ್ನು ಹಿಂದುಮುಂದು ಮಾಡಿ ನೋಡಿದಾಗ ಮೂಲ ಸರದಿಯೇ ಹೆಚ್ಚು ಫಲ ಕೊಟ್ಟಿತು.

ಫೋಟೋದಲ್ಲಿರುವುದು ಎಡಗೈಯೋ ಬಲಗೈಯೋ ಎಂದು ಹೇಳಬೇಕಾದರೆ ಮಿದುಳು ತನ್ನ ಕೈಯನ್ನೇ ಒಳಗೊಳಗೆ ಆ ಭಂಗಿಗೆ ತಿರುಗಿಸಿ ನೋಡುತ್ತದೆ. ಚಲನೆಯ ಲೆಕ್ಕಾಚಾರ ನಡೆಯುತ್ತದೆ, ನೋವಿನ ಎಚ್ಚರಿಕೆ ಮಾತ್ರ ಸಾಮಾನ್ಯವಾಗಿ ಏಳುವುದಿಲ್ಲ. ಇದಕ್ಕೆ ಆ್ಯಪ್ ಬೇಕಿಲ್ಲ. ಮನೆಯವರೊಬ್ಬರ ಎಡಗೈಯ 24 ಫೋಟೋ ತೆಗೆಯಿರಿ: ಅಂಗೈ, ಹಿಂಗೈ, ಪಕ್ಕ, ಬೆರಳು ಮೇಲೆ, ಬೆರಳು ಕೆಳಗೆ, ಲೋಟ ಹಿಡಿದದ್ದು. ಫೋನಿನಲ್ಲೇ ಪ್ರತಿಯೊಂದನ್ನೂ ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುಗಿಸಿ (ಫ್ಲಿಪ್) ಇನ್ನೊಂದು ಪ್ರತಿ ಮಾಡಿದರೆ ಬಲಗೈಯ 24 ಸಿಕ್ಕವು. ಹಿಂಬದಿಯ ಕ್ಯಾಮೆರಾದಲ್ಲೇ ತೆಗೆಯಿರಿ. ಸೆಲ್ಫಿ ಕ್ಯಾಮೆರಾ ಕೆಲವು ಫೋನುಗಳಲ್ಲಿ ತಾನಾಗಿಯೇ ತಿರುಗಿಸಿ ಉಳಿಸುತ್ತದೆ, ಆಗ ಉತ್ತರಗಳೇ ಅದಲುಬದಲು.

ಒಂದು ಸಲಕ್ಕೆ 20 ಫೋಟೋ, ದಿನಕ್ಕೆ ಐದಾರು ಸಲ. ಎರಡೂ ಕೈ ತೊಡೆಯ ಮೇಲೆ ಸುಮ್ಮನಿರಬೇಕು. ಬಹಳ ಜನ ಗೊತ್ತಿಲ್ಲದೆಯೇ ಕೈ ತಿರುಗಿಸಿ ಹೋಲಿಸುತ್ತಾರೆ. ಇನ್ನು ಕೆಲವರು 'ಹೆಬ್ಬೆರಳು ಯಾವ ಕಡೆ' ಎಂದು ತರ್ಕ ಹಾಕುತ್ತಾರೆ. ಎರಡೂ ಲಾಭವಿಲ್ಲ, ಥಟ್ಟನೆ ಹೇಳಿಸಿ. 100ಕ್ಕೆ 80 ಸರಿ, ಫೋಟೋಗೆ ಸುಮಾರು 2 ಸೆಕೆಂಡು, ಎಡಕ್ಕೂ ಬಲಕ್ಕೂ ಹೆಚ್ಚು ಅಂತರವಿಲ್ಲ: ಇಷ್ಟು ನಾಲ್ಕೈದು ದಿನ ನಿಂತರೆ ಮುಂದಿನ ಹಂತ. ಎರಡು ವಾರ ಎನ್ನುವುದು ಪ್ರಯೋಗದ ವೇಳಾಪಟ್ಟಿ, ಶಾಸನವಲ್ಲ.

ಎರಡನೇ ಹಂತವನ್ನು ಹಗುರ ಎಂದುಕೊಳ್ಳಬೇಡಿ. ಬರೀ ಕಲ್ಪಿಸಿಕೊಂಡರೂ ಈ ರೋಗಿಗಳಲ್ಲಿ ನೋವು, ಊತ ಎರಡೂ ಏರಬಹುದು. ಅದೇ ಫೋಟೋ ತೋರಿಸಿ, ತಮ್ಮ ಕೈ ನಿಧಾನವಾಗಿ, ನೋವಿಲ್ಲದೆ ಆ ಭಂಗಿಗೆ ಹೋಗಿ ಹಿಂದೆ ಬರುವುದನ್ನು ಎರಡೆರಡು ಸಲ ಕಲ್ಪಿಸಿಕೊಳ್ಳಲಿ. ಮುಷ್ಟಿಯ ಫೋಟೋ ಕೊನೆಗೆ.

ಓಟಿ_ಧಾರವಾಡ:
ಕನ್ನಡಿಯ ಹಂತಕ್ಕೆ ಬಂದಾಗ: 12x18 ಇಂಚಿನ ಗಾಜಿನ ಕನ್ನಡಿ, ಅಂಚಿಗೆ ಟೇಪು, ಹಿಂದೆ ಪ್ಲೈವುಡ್ ಆಸರೆ. ತೆಳು ಅಕ್ರಿಲಿಕ್ ಹಾಳೆ ಬೇಡ, ಬಾಗಿ ಬೆರಳು ಅಲೆಅಲೆಯಾಗಿ ಕಾಣುತ್ತದೆ. ಕನ್ನಡಿಯ ಅಂಚು ಎದೆಯ ನಡುಮಧ್ಯಕ್ಕೆ ಬರಲಿ. ನೋವಿನ ಕೈ ಹಿಂದೆ ಪೂರ್ತಿ ಮರೆಯಾಗಿ, ಒಳ್ಳೆಯ ಕೈ ಇರುವ ಭಂಗಿಯಲ್ಲೇ ಇರಬೇಕು.

ನಮ್ಮ ಕಡೆ ಹೆಚ್ಚು ಕೆಡುವುದು ಬಳೆಯಿಂದ. ಊತದ ಕೈಯ ಬಳೆ, ಉಂಗುರ ಎಂದೋ ತೆಗೆದಿರುತ್ತಾರೆ, ಇನ್ನೊಂದು ಕೈಯಲ್ಲಿ ಹಾಗೇ ಇರುತ್ತವೆ. ಕನ್ನಡಿಯಲ್ಲಿ ಬಳೆ ಕಂಡ ಕೂಡಲೇ 'ಇದು ನನ್ನ ನೋವಿನ ಕೈಯಲ್ಲ' ಎಂದು ಮಿದುಳಿಗೆ ಗೊತ್ತಾಯಿತು, ಭ್ರಮೆ ಮುರಿಯಿತು. ವಾಚು, ಮೆಹಂದಿಗೂ ಇದೇ ಮಾತು. ಬಳೆ ಬಿಚ್ಚಲು ಒಪ್ಪದಿದ್ದರೆ ಎರಡೂ ಮೊಣಕೈವರೆಗೆ ಒಂದೇ ಬಣ್ಣದ ಬಟ್ಟೆ ಸುತ್ತಿ.

ಮೊದಲ ಎರಡು ದಿನ ಆಡಿಸುವುದೇ ಬೇಡ, 3 ನಿಮಿಷ ನೋಡಲಿ ಅಷ್ಟೇ. ಆಮೇಲೆ ಒಳ್ಳೆಯ ಕೈ ಮಾತ್ರ: ಅಂಗೈ ಮೇಲೆ-ಕೆಳಗೆ, ಬೆರಳು ಅಗಲಿಸುವುದು. ಮರೆಯ ಕೈ ಹಿತವಾದಷ್ಟೇ ಜೊತೆಗೂಡಲಿ. 20 ನಿಮಿಷ ಒಮ್ಮೆಗಿಂತ 5 ನಿಮಿಷ ನಾಲ್ಕು ಸಲ ಮೇಲು. ಏರಿದ ನೋವು ಒಂದೆರಡು ಗಂಟೆಯಲ್ಲಿ ಇಳಿದರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆಯೂ ಊತ ಇದ್ದರೆ ಅರ್ಧಕ್ಕೆ ಇಳಿಸಿ.

ಸ್ಪರ್ಶರೇಖೆ:
ಸೆರಗು ತಾಗಿದರೆ ಕೈ ಎಳೆಯುತ್ತಾರೆ ಎಂದಿರಿ. ಹತ್ತಿ, ಟವೆಲ್ ಹಿಡಿದು ಸುಮ್ಮನೆ ಉಜ್ಜಿದರೆ ಸಾಲದು, ಗುರುತಿಸುವ ಕೆಲಸ ಇರಬೇಕು. ಮುಂಗೈ ಮೇಲೆ, ನೋವಿನ ಜಾಗದ ಅಂಚಿನಿಂದ ಶುರುಮಾಡಿ ಐದು ಚುಕ್ಕೆ ಹಾಕಿ ಸಂಖ್ಯೆ ಕೊಡಿ. ಪೆನ್ನಿನ ಮುಚ್ಚಿದ ತುದಿ ಒಂದು, ಇಂಜೆಕ್ಷನ್ ಬಾಟಲಿಯ ರಬ್ಬರ್ ಬಿರಡೆ ಇನ್ನೊಂದು. ಒಂದೊಂದಾಗಿ ಒತ್ತಿ 'ಎಷ್ಟನೇ ಚುಕ್ಕೆ, ಸಣ್ಣದೋ ದೊಡ್ಡದೋ' ಎಂದು ಕೇಳಿ. ಸವರಬೇಡಿ, ನೇರ ಒತ್ತಿ. ಸವರಿದರೆ ಉರಿ ಏಳುತ್ತದೆ. ಉತ್ತರ ತಪ್ಪಾದರೆ ಆಗಲೇ ತಿದ್ದಿ. ಮೋಸ್ಲೆ ತಂಡ 2008ರಲ್ಲಿ ತೋರಿಸಿದ್ದು ಇದನ್ನೇ: ಬರೀ ಮುಟ್ಟಿದಾಗ ಬದಲಾಗದ ನೋವು, ಗುರುತಿಸಬೇಕಾಗಿ ಬಂದಾಗ ಇಳಿಯಿತು. ಫೋಟೋ ಹಂತದ ಜೊತೆಗೇ ಇದನ್ನು ಶುರುಮಾಡಬಹುದು.

ಸಂಶಯಿ:
ರೋಗಿಗೆ ದೊಡ್ಡ ಆಸೆ ಹುಟ್ಟಿಸಬೇಡಿ. ಇಂಗ್ಲೆಂಡಿನ ಎರಡು ಕೇಂದ್ರಗಳು ಇದೇ ಸರದಿಯನ್ನು ದಿನನಿತ್ಯದ ಚಿಕಿತ್ಸೆಯಲ್ಲಿ ಬಳಸಿ, ನೋವು ಇಳಿಯಲಿಲ್ಲ ಎಂದು 2012ರಲ್ಲಿ ವರದಿ ಮಾಡಿದವು. 2003ರ ಮೆಕೇಬ್ ತಂಡದ ಪ್ರಯೋಗದಲ್ಲಿ (ಎಂಟೇ ಜನ) ಬರೀ ಕನ್ನಡಿಯಿಂದ ಗುಣ ಕಂಡದ್ದು ಕಾಯಿಲೆ ಶುರುವಾಗಿ ಎಂಟು ವಾರದೊಳಗಿದ್ದವರಿಗೆ; ಎರಡು ವರ್ಷ ದಾಟಿದವರಿಗೆ ಅಲ್ಲ. ಬೆನ್ನುನೋವಿಗೆ ಇದೇ ಜಾತಿಯ ತರಬೇತಿಯನ್ನು 276 ಜನರಲ್ಲಿ ನೋಡಿದ ಆಸ್ಟ್ರೇಲಿಯಾದ 2022ರ ಪ್ರಯೋಗದಲ್ಲೂ ವ್ಯತ್ಯಾಸ 10ಕ್ಕೆ ಸುಮಾರು 1 ಅಂಕ. ಕೈ ಬಳಸುವುದನ್ನು ನಿಲ್ಲಿಸಿ ಫೋಟೋ ನೋಡುತ್ತಾ ಕೂತರೆ ನಷ್ಟವೇ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ರಾತ್ರಿ ಜೋಮು ಇದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿದೆಯಾ ಎಂದು ಮೊದಲು ನೋಡಿಸಿ.

ಹೊಸಫಿಸಿಯೋ:
ಜೋಮು ಇಲ್ಲ. ಇವತ್ತು 20 ಫೋಟೋ ತೋರಿಸಿದೆ: ಎಡಗೈ ಹತ್ತರಲ್ಲಿ 9 ಸರಿ, ಬಲಗೈ ಹತ್ತರಲ್ಲಿ 5, ಬಲಕ್ಕೆ ಸರಾಸರಿ 4 ಸೆಕೆಂಡು. ಹನ್ನೆರಡನೇ ಫೋಟೋಗೆ ಕೈ ಉರಿಯತೊಡಗಿತು ಎಂದರು.

ನೋವುನರ:
ಹತ್ತರಲ್ಲಿ 5 ಎಂದರೆ ಊಹೆಯ ಮಟ್ಟ, ಕನ್ನಡಿ ಯಾಕೆ ಕೈಕೊಟ್ಟಿತು ಎಂಬುದೂ ಅದರಲ್ಲೇ ಇದೆ. ಸಲಕ್ಕೆ 8 ಫೋಟೋಗೆ ಇಳಿಸಿ, ಬೆರಳು ಮೇಲ್ಮುಖವಾಗಿರುವ ಸುಲಭದವನ್ನೇ ಆರಿಸಿ. ವಾರದ ನಂತರದ ಅಂಕ ಇಲ್ಲೇ ಹಾಕಿ.